ವಿಷ ಉಂಡು ಬದುಕುವ ಚುಕ್ಕಿ ಪತಂಗ

ಮಳೆಗಾಲ ಮುಗಿಯುವ ಹೊತ್ತಿಗೆ ಯಾವುದಾದರೂ ಕಾವಲಿನಲ್ಲೋ ಗೋಮಾಳದಲ್ಲೋ ಸುಮ್ನೆ ನಡೆದು ನೋಡಿ. ಹುಲ್ಲು ಮೊಣಕಾಲಿನವರೆಗೆ ಬಂದಿರುತ್ತದೆ. ಊಬು ಪ್ಯಾಂಟಿಗೆ ಚುಚ್ಚಿಕೊಳ್ಳುತ್ತಿರುತ್ತದೆ. ಕಾಲಿಟ್ಟ ಕಡೆಯಿಂದ ಬೆಳ್ಳಗಿನದೊಂದು ಪುರ್ರನೆ ಏಳುತ್ತದೆ. ಹತ್ತು ಹದಿನೈದು ಅಡಿ ಹಾರಿ ಮತ್ತೆ ಹುಲ್ಲಿನೊಳಗೆ ಕೂತುಬಿಡುತ್ತದೆ. ಹೋಗಿ ಹುಡುಕಿದರೆ ಸಿಗುವುದಿಲ್ಲ. ಇಲ್ಲಿ ಕೂತಿರುವವರಲ್ಲಿ ದನ ಕಾಯ್ದವರು ಯಾರಾದರೂ ಇದ್ದರೆ ಇದನ್ನು ನೂರು ಸಲ ನೋಡಿರುತ್ತೀರಿ. ಹೆಸರು ಕೇಳಿರಲಿಕ್ಕಿಲ್ಲ, ಅಷ್ಟೆ.

ಅದು ಸಿಗದಿರುವುದಕ್ಕೆ ಕಾರಣ ಇದೆ. ಹಾರುವಾಗ ನಿಮಗೆ ಕಂಡದ್ದು ಹಿಂದಿನ ರೆಕ್ಕೆಯ ಬಿಳುಪು. ಕೂತ ತಕ್ಷಣ ಆ ರೆಕ್ಕೆ ಒಳಗೆ ಮಡಚಿ ಹೋಗುತ್ತದೆ. ಮುಂದಿನ ರೆಕ್ಕೆ ಮೈಗೆ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಕಣ್ಣು ಬಿಳಿ ಬಣ್ಣವನ್ನು ಹುಡುಕುತ್ತಿದ್ದರೆ ಹುಲ್ಲಿನ ಕಡ್ಡಿಗೆ ಅಂಟಿದ ಈ ಸಣ್ಣ ಕೊಳವೆ ಕಾಣುವುದೇ ಇಲ್ಲ. ಆದರೆ ಒಮ್ಮೆ ಕಂಡರೆ ಮಾತ್ರ ಮರೆಯುವ ಹಾಗಿಲ್ಲ. ಕೆನೆ ಬಣ್ಣದ ರೆಕ್ಕೆ. ಅದರ ಮೇಲೆ ಅಡ್ಡಸಾಲಿನಲ್ಲಿ ಕೆಂಪು ಮಚ್ಚೆಗಳು. ಕೆಂಪಿನ ನಡುನಡುವೆ ಸಣ್ಣ ಸಣ್ಣ ಕಪ್ಪು ಚುಕ್ಕಿಗಳು. ಎರಡು ಪತಂಗ ಪಕ್ಕ ಇಟ್ಟರೆ ಚುಕ್ಕಿಗಳು ತಾಳೆಯಾಗುವುದಿಲ್ಲ. ಒಂದರಲ್ಲಿ ಕೆಂಪು ಜಾಸ್ತಿ, ಇನ್ನೊಂದರಲ್ಲಿ ಕಪ್ಪು. ತಲೆ ಮತ್ತು ಎದೆಯ ಮೇಲೂ ಚುಕ್ಕಿ ಇದೆ. ಹಿಂದಿನ ರೆಕ್ಕೆ ಬಿಳಿ, ಅದರ ಅಂಚಿನಲ್ಲಿ ಅಂಕುಡೊಂಕಾದ ಕಪ್ಪು ಪಟ್ಟಿ. ರೆಕ್ಕೆ ಪೂರ್ತಿ ಬಿಚ್ಚಿದರೆ ಮೂರರಿಂದ ನಾಲ್ಕು ಸೆಂಟಿಮೀಟರ್ ಅಗಲ.

ಇದರ ವೈಜ್ಞಾನಿಕ ಹೆಸರು ಯುಟೆಥೀಸಾ ಪುಲ್ಚೆಲ್ಲಾ. ಲಿನ್ನೇಯಸ್ 1758ರಲ್ಲಿ ಇಟ್ಟದ್ದು. ಇವತ್ತಿನ ಮಾತಿನ ಮಟ್ಟಿಗೆ ನಾನು ಇದನ್ನು ಚುಕ್ಕಿ ಪತಂಗ ಎಂದು ಕರೆಯುತ್ತೇನೆ. ನಿಮಗೆ ಬೇರೆ ಹೆಸರು ಹೊಳೆದರೆ ಅದನ್ನೇ ಇಟ್ಟುಕೊಳ್ಳಿ, ಜಗಳ ಇಲ್ಲ.

ಪತಂಗ ಎಂದಕೂಡಲೇ ರಾತ್ರಿ ಬಲ್ಬಿಗೆ ಬಡಿದುಕೊಳ್ಳುವ ಮಾಸಲು ಹುಳು ನೆನಪಾಗುತ್ತದೆ, ಅಲ್ವಾ? ಭಾರತದಲ್ಲಿ ಸುಮಾರು 1,300 ಬಗೆಯ ಚಿಟ್ಟೆ ಇವೆ. ಪತಂಗಗಳು 10,000ಕ್ಕೂ ಜಾಸ್ತಿ. ಆದರೂ ನಮ್ಮ ಕಣ್ಣು, ಕ್ಯಾಮೆರಾ ಎಲ್ಲ ಚಿಟ್ಟೆಯ ಹಿಂದೆಯೇ. ಈ ಚುಕ್ಕಿ ಪತಂಗ ಹಗಲೂ ಹಾರುತ್ತದೆ, ರಾತ್ರಿ ದೀಪಕ್ಕೂ ಬರುತ್ತದೆ. ಬಣ್ಣದಲ್ಲಿ ಯಾವ ಚಿಟ್ಟೆಗೂ ಕಡಿಮೆ ಇಲ್ಲ. ಹಾಗಿದ್ದರೂ ಇದರ ಫೋಟೋ ತೆಗೆದವರು ಕೂಡ 'ಯಾವುದೋ ಚಿಟ್ಟೆ' ಎಂದು ಬರೆದು ಬಿಡುತ್ತಾರೆ.

ಇದರ ನೆಂಟಸ್ತಿಕೆ ಹೇಳಿಬಿಡುತ್ತೇನೆ. ಪಾವಗಡ, ಮಧುಗಿರಿ, ಚಳ್ಳಕೆರೆ ಕಡೆಯವರಿಗೆ ಕಂಬಳಿ ಹುಳು ಎಂದರೆ ಗೊತ್ತು. ಮೊದಲ ಮಳೆ ಬಿದ್ದ ಮೇಲೆ ಕೆಂಪು ತಲೆ ಕಂಬಳಿ ಹುಳು ಎದ್ದರೆ ಶೇಂಗಾ ಹೊಲ ಬೋಳು. ಆ ಹುಳುವಿನ ಪತಂಗವೂ ನಮ್ಮ ಚುಕ್ಕಿ ಪತಂಗವೂ ಒಂದೇ ಉಪಕುಟುಂಬದವು. ಮರಿ ಹುಳುಗಳ ಮೈತುಂಬ ಕೂದಲು ಇರುವುದು ಈ ಗುಂಪಿನ ಗುರುತು. ಇನ್ನೂ ಹತ್ತಿರದ ನೆಂಟರೂ ಇದ್ದಾರೆ. ಯುಟೆಥೀಸಾ ಲೋಟ್ರಿಕ್ಸ್ ಎಂಬುದೊಂದು, ಅದೂ ನಮ್ಮಲ್ಲಿದೆ. ನೋಟಕ್ಕೆ ಎರಡೂ ಒಂದೇ ತರ. ಕೆಲವೊಮ್ಮೆ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಬೇರೆ ಮಾಡಬೇಕು. ಮೂರನೆಯದು ಪುಲ್ಚೆಲೊಯ್ಡಿಸ್. ಅದು ಸಮುದ್ರ ತೀರ, ದ್ವೀಪಗಳ ಕಡೆ ಜಾಸ್ತಿ. ಅದಕ್ಕೆ 1907ರಲ್ಲಿ ಹೆಸರಿಟ್ಟವನು ಜಾರ್ಜ್ ಹ್ಯಾಂಪ್ಸನ್. ಈ ಮನುಷ್ಯ ನಮ್ಮ ನೆರೆಯ ನೀಲಗಿರಿಯಲ್ಲಿ ಟೀ ತೋಟ ಮಾಡಿಕೊಂಡಿದ್ದವನು. ಅಲ್ಲಿ ಪತಂಗ ಹಿಡಿಯುವ ಹುಚ್ಚು ಹತ್ತಿ, ಕೊನೆಗೆ ಲಂಡನ್ನಿನ ಮ್ಯೂಸಿಯಂ ಸೇರಿ ಪತಂಗಗಳ ದೊಡ್ಡ ಪಂಡಿತನಾದ. ಟೀ ಎಷ್ಟು ಬೆಳೆದನೋ, ಪತಂಗವಂತೂ ಚೆನ್ನಾಗಿ ಬೆಳೆಯಿತು.

ಇರಲಿ. ಇವತ್ತು ನಾನು ಹೇಳಬೇಕಾದ ವಿಷಯ ಬೇರೆ. ಚುಕ್ಕಿ ಪತಂಗ ಹುಲ್ಲುಗಾವಲಿನ ಪತಂಗ. ಆದರೆ ಅದು ಹುಲ್ಲು ತಿನ್ನುವುದಿಲ್ಲ. ಒಂದು ಎಸಳನ್ನೂ ಮುಟ್ಟುವುದಿಲ್ಲ.

ಹಾಗಾದರೆ ಏನು ತಿನ್ನುತ್ತದೆ? ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಹೂವಿನ ಗಿಡ ಇರುತ್ತದೆ. ಅವರೆ ಹೂವಿನ ಆಕಾರದ ಹೂವು. ಕಾಯಿ ಉಬ್ಬಿಕೊಂಡಿರುತ್ತದೆ, ಒಣಗಿದ ಮೇಲೆ ಅಲ್ಲಾಡಿಸಿದರೆ ಒಳಗೆ ಬೀಜ ಗಿಲಿಗಿಲಿ ಎನ್ನುತ್ತದೆ. ಗಿಲಕಿ ಗಿಡ, ಗಿಜಿಗಿಜಿ ಗಿಡ, ಗೆಜ್ಜೆ ಗಿಡ, ಊರಿಗೊಂದು ಹೆಸರು. ಮಕ್ಕಳಾಗಿದ್ದಾಗ ಕಾಲಿಗೆ ಕಟ್ಟಿಕೊಂಡು ಕುಣಿದವರು ಇಲ್ಲಿ ಇದ್ದೇ ಇರುತ್ತೀರಿ. ಇದು ಕ್ರೊಟಲೇರಿಯಾ ಎಂಬ ಕುಲ. ಜಗತ್ತಿನಲ್ಲಿ ಇದರ ಸುಮಾರು 700 ಪ್ರಭೇದಗಳಿವೆ. ಅದರಲ್ಲಿ ಬಹುಪಾಲು ಆಫ್ರಿಕಾದವು. ಭಾರತದಲ್ಲೂ ಹತ್ತಾರು ಇವೆ, ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಬೆಳೆಯದವೂ ಇವೆ. ನೆಲಕ್ಕೆ ಅಂಟಿಕೊಂಡು ಹರಡುವ ಚಿಕ್ಕ ಗಿಡದಿಂದ ಹಿಡಿದು ಆಳೆತ್ತರದ ಪೊದೆಯವರೆಗೆ. ನಮ್ಮ ರೈತರು ಗದ್ದೆಗೆ ಹಸಿರೆಲೆ ಗೊಬ್ಬರ ಎಂದು ಬಿತ್ತುವ ಅಪ್ಸೆಣಬು ಇದೆಯಲ್ಲ, ಅದೂ ಇದೇ ಕುಲ.

ಎರಡನೆಯ ಊಟ ಬೇರೆ ಕುಟುಂಬದ್ದು. ಕೆರೆ ಬತ್ತಿದ ಮೇಲೆ ಅಂಗಳದ ಕರಿ ಮಣ್ಣಿನಲ್ಲಿ ಚೇಳುಕೊಂಡಿ ಗಿಡ ಏಳುತ್ತದೆ, ನೋಡಿದ್ದೀರಾ? ಹೂವಿನ ತೆನೆ ತುದಿಯಲ್ಲಿ ಚೇಳಿನ ಬಾಲದ ತರ ಸುರುಳಿ ಸುತ್ತಿರುತ್ತದೆ. ಅದರ ಎಲೆಯೂ ಚುಕ್ಕಿ ಪತಂಗದ ಮರಿಗೆ ಆಗುತ್ತದೆ. ಒಣ ಬಯಲಿನ ಕತ್ತೆತುಂಬೆಯೂ ಇದೇ ಚೇಳುಕೊಂಡಿ ಕುಟುಂಬದ್ದೇ. ಯುರೋಪಿನಲ್ಲಿ ಈ ಪತಂಗ ಅದೇ ಕುಟುಂಬದ ಬೇರೆ ಬೇರೆ ಗಿಡಗಳ ಮೇಲೆ ಬೆಳೆಯುತ್ತದೆ.

ಈಗ ಇದರ ಮನೆ ಎಲ್ಲಿ ಎಂದು ನೀವೇ ಹೇಳಬಹುದು. ಮರದ ನೆರಳಿಲ್ಲದ ಬಯಲು, ಕಾವಲು, ಹೊಲದ ಬದು, ಬತ್ತಿದ ಕೆರೆ ಅಂಗಳ, ರಸ್ತೆ ಪಕ್ಕ, ಘಟ್ಟದ ಮೇಲಿನ ಹುಲ್ಲುಗುಡ್ಡ. ದಟ್ಟ ಕಾಡಿನೊಳಗೆ ಇದಕ್ಕೆ ಕೆಲಸ ಇಲ್ಲ. ಆಫ್ರಿಕಾ, ದಕ್ಷಿಣ ಯುರೋಪ್, ಮಧ್ಯ ಏಷ್ಯಾ, ಭಾರತ, ಇಷ್ಟೂ ಕಡೆ ಇದೆ. ಜೊತೆಗೆ ಇದು ದೂರ ಹಾರುವ ಪತಂಗ. ದಕ್ಷಿಣದ ಗಾಳಿ ಹಿಡಿದು ಇಂಗ್ಲೆಂಡಿನವರೆಗೂ ಹೋಗುತ್ತದೆ, ಹೆಚ್ಚಾಗಿ ಶರತ್ಕಾಲದಲ್ಲಿ. ಅಲ್ಲಿ ಒಂದು ಕಂಡರೆ ಹಬ್ಬ. ನಮ್ಮಲ್ಲಿ ಕಾಲಿಗೆ ಎಡತಾಕುತ್ತದೆ, ಯಾರೂ ತಿರುಗಿ ನೋಡುವುದಿಲ್ಲ.

ಮರಿಯ ಕಥೆಗೆ ಬರೋಣ. ನಿಜವಾದ ಸ್ವಾರಸ್ಯ ಇರುವುದು ಅಲ್ಲೇ.

ಹೆಣ್ಣು ಎಳೆ ಎಲೆಯ ಮೇಲೆ ಬಿಳಿಯ ಸಣ್ಣ ಮೊಟ್ಟೆ ಇಡುತ್ತದೆ. ಹೊರಗೆ ಬಂದ ಮರಿ ಮೊದಲು ಎಲೆ ಕೆರೆದು ತಿನ್ನುತ್ತದೆ. ದೊಡ್ಡದಾದ ಹಾಗೆ ಮೈ ಕಪ್ಪಾಗುತ್ತದೆ. ಬೆನ್ನ ಮೇಲೆ ಉದ್ದಕ್ಕೆ ಬಿಳಿ ಗೆರೆ, ಪ್ರತಿ ಭಾಗದಲ್ಲಿ ಕಿತ್ತಳೆ ಕೆಂಪಿನ ಗುರುತು, ಅಲ್ಲಲ್ಲಿ ಕೂದಲಿನ ಕುಚ್ಚು. ಅಡಗಿಕೊಳ್ಳುವ ಯೋಚನೆಯೇ ಇಲ್ಲ. ಗಿಡದ ತುದಿಯಲ್ಲಿ, ಬಿಸಿಲಲ್ಲಿ, ಎಲ್ಲರಿಗೂ ಕಾಣುವ ಹಾಗೆ ಕೂತಿರುತ್ತದೆ. ಹಸಿರು ಗಿಡದ ಮೇಲೆ ಇಂಥ ಮೈಬಣ್ಣ ಹೊತ್ತು ಹಗಲಲ್ಲಿ ಕೂರುವ ಹುಳುವಿನ ಹತ್ತಿರ ಏನೋ ಬಂಡವಾಳ ಇರಲೇಬೇಕು.

ಗಿಡ ಕಾಯಿ ಬಿಟ್ಟ ಮೇಲೆ ಮರಿ ಎಲೆ ಬಿಟ್ಟು ಕಾಯಿಗೆ ಹೋಗುತ್ತದೆ. ಹಸಿ ಕಾಯಿಯ ಸಿಪ್ಪೆಯಲ್ಲಿ ದುಂಡಗೆ ತೂತು ಕೊರೆಯುತ್ತದೆ. ಕೆಲವು ಸಲ ಅರ್ಧ ಮೈ ಒಳಗೆ, ಅರ್ಧ ಹೊರಗೆ. ಕೆಲವು ಸಲ ಪೂರ್ತಿ ಒಳಗೆ ಹೋಗಿಬಿಡುತ್ತದೆ. ಒಳಗಿನ ಬೀಜ ಒಂದೊಂದಾಗಿ ಮುಗಿಸುತ್ತದೆ. ಅಂಥ ಕಾಯಿಯನ್ನು ಬಿಡಿಸಿ ನೋಡಿ. ಬೀಜ ಇರಬೇಕಾದ ಕಡೆ ಕಂದು ಹಿಕ್ಕೆ ತುಂಬಿರುತ್ತದೆ, ಬೀಜದ ಚೂರು ಅಲ್ಲೊಂದು ಇಲ್ಲೊಂದು. ಆ ಕಾಯಿ ಒಣಗಿದ ಮೇಲೆ ಅಲ್ಲಾಡಿಸಿದರೆ ಗಿಲಕಿ ಸದ್ದು ಬರುವುದಿಲ್ಲ. ಹೊಲದಲ್ಲಿ ಎಷ್ಟು ಕಾಯಿ ಹೋಗಿದೆ ಎಂದು ನೋಡಲು ಗಿಡ ಹಿಡಿದು ಅಲ್ಲಾಡಿಸಿದರೂ ಅಂದಾಜು ಸಿಗುತ್ತದೆ.

ಎಲೆ ಬಿಟ್ಟು ಬೀಜಕ್ಕೆ ಯಾಕೆ ಹೋಗುತ್ತದೆ? ಬೀಜದಲ್ಲಿ ಪೌಷ್ಟಿಕಾಂಶ ಜಾಸ್ತಿ, ನಿಜ. ಆದರೆ ಬೀಜದಲ್ಲಿ ಇನ್ನೊಂದು ವಸ್ತುವೂ ಜಾಸ್ತಿ. ವಿಷ.

ಈ ವಿಷಕ್ಕೆ ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂದು ಹೆಸರು. ನಾಲಿಗೆ ತಿರುಗದಿದ್ದರೆ ಬಿಡಿ, ವಿಷ ಎಂದೇ ಅನ್ನೋಣ. ಗಿಲಕಿ ಕುಲದ ಬಹಳಷ್ಟು ಗಿಡಗಳಲ್ಲಿ ಇದೆ, ಚೇಳುಕೊಂಡಿ ಕುಟುಂಬದಲ್ಲೂ ಇದೆ. ಎರಡಕ್ಕೂ ಸಸ್ಯಶಾಸ್ತ್ರದಲ್ಲಿ ಯಾವ ನೆಂಟಸ್ತಿಕೆಯೂ ಇಲ್ಲ. ಒಂದು ಅವರೆ ಜಾತಿ, ಇನ್ನೊಂದು ಬೇರೆಯೇ. ಆದರೂ ನಮ್ಮ ಪತಂಗ ಎರಡನ್ನೂ ಹುಡುಕಿಕೊಂಡು ಹೋಗುತ್ತದೆ. ಗಿಡದ ಕುಲಗೋತ್ರ ಅದಕ್ಕೆ ಬೇಕಿಲ್ಲ. ಒಳಗಿನ ರಸ ಒಂದೇ ಆಗಿದ್ದರೆ ಸಾಕು.

ದನಕರು ಸಾಮಾನ್ಯವಾಗಿ ಈ ಗಿಡಗಳನ್ನು ಬಿಟ್ಟು ಸುತ್ತಲಿನ ಹುಲ್ಲು ಮೇಯುತ್ತವೆ. ಬರಗಾಲದಲ್ಲಿ ಬೇರೆ ಮೇವಿಲ್ಲದೆ ತಿಂದರೆ, ಅಥವಾ ಕೊಯ್ದ ಮೇವಿನಲ್ಲಿ ಬೆರೆತು ಹೊಟ್ಟೆಗೆ ಹೋದರೆ ಪಿತ್ತಜನಕಾಂಗ ಕೆಡುತ್ತದೆ. ಆಸ್ಟ್ರೇಲಿಯಾದ ಕಿಂಬರ್ಲಿ ಸೀಮೆಯಲ್ಲಿ ಕುದುರೆಗಳು ಗಿಲಕಿ ಗಿಡ ತಿಂದು ದಿಕ್ಕು ತಪ್ಪಿ ಅಲೆದಾಡಿ ಸಾಯುತ್ತಿದ್ದವು. ಈ ವಿಷದ ಸ್ವಭಾವ ವಿಚಿತ್ರ. ಗಿಡದಲ್ಲಿರುವಾಗ ಅದು ಬಹುಪಾಲು ನಿರಪಾಯ ರೂಪದಲ್ಲೇ ಇರುತ್ತದೆ. ಹೊಟ್ಟೆಯಲ್ಲಿ ರೂಪ ಬದಲಾಗುತ್ತದೆ. ಅಲ್ಲಿಂದ ಪಿತ್ತಜನಕಾಂಗಕ್ಕೆ ಹೋದಾಗ ಅದನ್ನು ಶುದ್ಧಿ ಮಾಡಲು ಹೊರಟ ನಮ್ಮದೇ ಕಿಣ್ವಗಳು ಅದನ್ನು ನಿಜವಾದ ವಿಷವಾಗಿ ಮಾಡುತ್ತವೆ. ಅಲ್ಲಿನ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ.

ಮನುಷ್ಯರಿಗೂ ಆಗಿದೆ. ಈ ಕಥೆ ನಾನು ಹೋದಲ್ಲೆಲ್ಲ ಹೇಳುತ್ತೇನೆ, ಯಾಕೆಂದರೆ ಸಿರಿಧಾನ್ಯ ತಿನ್ನುವವರು ಈಗ ಜಾಸ್ತಿ ಆಗಿದ್ದಾರೆ. 1975ರ ಸುಮಾರಿಗೆ ಆಗಿನ ಮಧ್ಯಪ್ರದೇಶದ, ಈಗಿನ ಛತ್ತೀಸ್‌ಗಢದ ಸರ್ಗುಜಾ ಜಿಲ್ಲೆಯ ಬುಡಕಟ್ಟು ಹಳ್ಳಿಗಳಲ್ಲಿ ಜನರಿಗೆ ಹೊಟ್ಟೆ ಊದಿಕೊಳ್ಳುವ ಕಾಯಿಲೆ ಬಂತು. ವೈದ್ಯರು ದಾಖಲಿಸಿದ 67 ಜನರಲ್ಲಿ 28 ಜನ ಸತ್ತರು. ಹುಡುಕುತ್ತಾ ಹೋದಾಗ ಕಾರಣ ಸಿಕ್ಕಿದ್ದು ಅವರು ಉಣ್ಣುತ್ತಿದ್ದ ಗೊಂಡ್ಲಿ ಎಂಬ ಕಿರುಧಾನ್ಯದಲ್ಲಿ. ನಮ್ಮ ಸಾಮೆಯೇ ಅದು. ಸಾಮೆಯ ಹೊಲದಲ್ಲಿ ಕ್ರೊಟಲೇರಿಯಾ ನಾನಾ ಎಂಬ ಪುಟ್ಟ ಗಿಲಕಿ ಗಿಡ ಕಳೆಯಾಗಿ ಬೆಳೆದಿತ್ತು. ಅದರ ಬೀಜ ಧಾನ್ಯದ ಜೊತೆ ಕೊಯ್ಲಾಗಿ, ಒಕ್ಕಣೆಯಾಗಿ, ಮಡಕೆಗೆ ಹೋಗಿತ್ತು. ಸಾಮೆಯದೇನೂ ತಪ್ಪಿಲ್ಲ. ಕೇರಿ ಆರಿಸುವುದು ಎಂದು ನಮ್ಮ ಅಜ್ಜಿಯರು ಮಾಡುತ್ತಿದ್ದ ಕೆಲಸ ಇದೆಯಲ್ಲ, ಅದನ್ನು ಬಿಡಬೇಡಿ ಎಂದಷ್ಟೇ ಹೇಳುತ್ತೇನೆ.

ಮುಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. ಪತಂಗ ಕೈಯಲ್ಲಿ ಹಿಡಿದರೆ ವಿಷ ಏರುತ್ತದಾ ಎಂದು. ಇಲ್ಲ. ಹೊಟ್ಟೆಗೆ ಹೋದರೆ ಮಾತ್ರ ಕಷ್ಟ. ಮರಿಯ ಕೂದಲು ಕೆಲವರಿಗೆ ತುರಿಕೆ ತರಬಹುದು, ಅಷ್ಟೆ. ಪತಂಗವನ್ನು ಮೆಲ್ಲಗೆ ಬೆರಳಲ್ಲಿ ಹಿಡಿದರೆ ಅದು ಒದ್ದಾಡುವುದಕ್ಕಿಂತ ಬೇರೆ ಕೆಲಸ ಮಾಡುತ್ತದೆ. ತಲೆಯ ಹಿಂದಿನಿಂದ ಗುಳ್ಳೆ ಗುಳ್ಳೆಯಾಗಿ ನೊರೆ ಹೊರಬಿಡುತ್ತದೆ. ಆ ನೊರೆಯಲ್ಲೂ ವಿಷ ಇದೆ. ನೋಡಿ, ಬಿಟ್ಟುಬಿಡಿ, ಕೈ ತೊಳೆದುಕೊಳ್ಳಿ.

ಸರಿ, ಕುದುರೆಯನ್ನು ಕೊಲ್ಲುವ ವಿಷ ಈ ಹುಳುವನ್ನು ಯಾಕೆ ಕೊಲ್ಲುವುದಿಲ್ಲ? ಉತ್ತರ ಸಿಕ್ಕಿದ್ದು ಇದೇ ಗುಂಪಿನ ಯುರೋಪಿನ ಪತಂಗ ಸಿನ್ನಬಾರ್‌ನಲ್ಲಿ. ಮರಿಯ ಕರುಳಿನಿಂದ ವಿಷ ರಕ್ತಕ್ಕೆ ಬಂದ ಕೂಡಲೇ ಅಲ್ಲೊಂದು ಕಿಣ್ವ ಕಾದಿರುತ್ತದೆ. ಅದು ವಿಷಕ್ಕೆ ಒಂದು ಆಮ್ಲಜನಕದ ಪರಮಾಣು ಸೇರಿಸಿ ಮತ್ತೆ ಗಿಡದಲ್ಲಿದ್ದ ನಿರಪಾಯ ರೂಪಕ್ಕೆ ತರುತ್ತದೆ. ಆ ರೂಪದಲ್ಲಿ ಅದು ಹುಳುವಿನ ಜೀವಕೋಶಗಳಿಗೆ ತೊಂದರೆ ಕೊಡುವುದಿಲ್ಲ, ಮೈಯಲ್ಲಿ ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದು. ಆದರೆ ಆ ಹುಳುವನ್ನು ಬೇರೆ ಪ್ರಾಣಿ ತಿಂದರೆ ಅದರ ಹೊಟ್ಟೆಯಲ್ಲಿ ಮತ್ತೆ ರೂಪ ಬದಲಾಗಿ ವಿಷ ಜಾಗೃತವಾಗುತ್ತದೆ. ಮರಿಯಲ್ಲಿ ಕೂಡಿಟ್ಟದ್ದು ಹುಳು ಗೂಡು (ಕೋಶ) ಕಟ್ಟಿದ ಮೇಲೂ ಉಳಿಯುತ್ತದೆ, ರೆಕ್ಕೆ ಬಂದ ಮೇಲೂ ಉಳಿಯುತ್ತದೆ.

ಇದರಿಂದ ಪತಂಗಕ್ಕೆ ಏನು ಲಾಭ ಎಂಬುದನ್ನು ಅತ್ಯಂತ ಚೆಂದವಾಗಿ ತೋರಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಐಸ್ನರ್. ಜೊತೆಗೆ ಅವರ ರಸಾಯನಶಾಸ್ತ್ರಜ್ಞ ಗೆಳೆಯ ಜೆರಾಲ್ಡ್ ಮೈನ್‌ವಾಲ್ಡ್. ಐಸ್ನರ್ 2011ರಲ್ಲಿ ತೀರಿಕೊಂಡರು. ಅವರು ನೋಡಿದ್ದು ನಮ್ಮ ಪತಂಗದ ದಾಯಾದಿ ಯುಟೆಥೀಸಾ ಆರ್ನೇಟ್ರಿಕ್ಸ್ ಅನ್ನು, ಫ್ಲೋರಿಡಾದಲ್ಲಿ. ಅದು ಗುಲಾಬಿ ಬಣ್ಣದ್ದು. ಊಟ ಮಾತ್ರ ಅದೇ ಗಿಲಕಿ. ಅದು ತಿನ್ನುವ ಗಿಲಕಿ ಗಿಡಗಳಲ್ಲಿ ಕ್ರೊಟಲೇರಿಯಾ ಸ್ಪೆಕ್ಟಾಬಿಲಿಸ್ ಎಂಬುದು ನಮ್ಮ ಕಡೆಯದು. ಹಸಿರೆಲೆ ಗೊಬ್ಬರಕ್ಕೆ ಎಂದು ಅಮೆರಿಕಕ್ಕೆ ತಂದರು, ಅಲ್ಲಿ ಕಳೆಯಾಗಿ ಹರಡಿತು.

ಐಸ್ನರ್ ಕಂಡದ್ದು ಹೀಗೆ. ದೊಡ್ಡ ಬಲೆ ಕಟ್ಟುವ ಜೇಡನ ಬಲೆಗೆ ಈ ಪತಂಗ ಬಿತ್ತು. ಜೇಡ ಓಡಿ ಬಂತು, ಮುಟ್ಟಿ ನೋಡಿತು. ಪತಂಗ ಅಲ್ಲಾಡದೆ ಸುಮ್ನೆ ಇತ್ತು. ಆಮೇಲೆ ಜೇಡ ಪತಂಗದ ಸುತ್ತಲಿನ ಎಳೆಗಳನ್ನು ಒಂದೊಂದಾಗಿ ಕತ್ತರಿಸಿತು. ಪತಂಗ ಬಿಡುಗಡೆಯಾಗಿ ಹಾರಿ ಹೋಯಿತು. ಜೇಡ ತಾನೇ ಬಲೆ ಹರಿದು ಬೇಟೆಯನ್ನು ಬಿಟ್ಟು ಕಳಿಸುವುದು ಎಂದರೆ ಸಣ್ಣ ಮಾತಲ್ಲ. ಇದು ವಿಷದ್ದೇ ಕೆಲಸವೋ ಎಂದು ನೋಡಲು ಅವರು ಕೆಲವು ಮರಿಗಳನ್ನು ಹುರುಳಿಕಾಯಿ ಜಾತಿಯ ಕಾಳಿನಿಂದ ಮಾಡಿದ, ವಿಷ ಇಲ್ಲದ ಆಹಾರ ಕೊಟ್ಟು ಸಾಕಿದರು. ಇನ್ನು ಕೆಲವಕ್ಕೆ ಅದೇ ಆಹಾರದಲ್ಲಿ ಗಿಲಕಿ ಬೀಜ ಬೆರೆಸಿದರು. ಹೊರಗೆ ಬಂದ ಪತಂಗಗಳು ನೋಡಲು ಒಂದೇ ತರ. ಜೇಡನ ಬಲೆಗೆ ಹಾಕಿದಾಗ ಬೀಜ ತಿಂದು ಬೆಳೆದವು ಬಿಡುಗಡೆಯಾದವು. ಕಾಳು ತಿಂದು ಬೆಳೆದವು ಜೇಡನಿಗೆ ಊಟವಾದವು.

ಇಲ್ಲಿಗೆ ಮುಗಿದಿದ್ದರೆ ಇದು ಎಲ್ಲ ವಿಷದ ಹುಳುಗಳ ಕಥೆಯ ಹಾಗೇ ಇರುತ್ತಿತ್ತು. ಮುಂದಿನದ್ದು ನನಗೆ ಇನ್ನೂ ಇಷ್ಟ.

ಮುಸ್ಸಂಜೆ ಹೊತ್ತಿಗೆ ಹೆಣ್ಣು ಗಿಡದ ಮೇಲೆ ಕೂತು ಗಾಳಿಗೆ ವಾಸನೆ ಬಿಡುತ್ತದೆ. ಗಂಡು ಆ ಜಾಡು ಹಿಡಿದು ಬರುತ್ತದೆ. ಹತ್ತಿರ ಬಂದು ಸುತ್ತ ರೆಕ್ಕೆ ಬಡಿಯುತ್ತಾ ಹೊಟ್ಟೆಯ ತುದಿಯಿಂದ ಎರಡು ಸಣ್ಣ ಕುಂಚಗಳನ್ನು ಹೊರಗೆ ಚಾಚುತ್ತದೆ. ಆ ಕುಂಚಗಳಿಂದ ಬೇರೊಂದು ವಾಸನೆ ಹೊರಡುತ್ತದೆ. ಅದನ್ನು ಗಂಡು ತಯಾರಿಸುವುದು ಮರಿಯಾಗಿದ್ದಾಗ ತಿಂದ ವಿಷದಿಂದಲೇ. ಮೈಯಲ್ಲಿ ವಿಷ ಜಾಸ್ತಿ ಇದ್ದರೆ ವಾಸನೆಯೂ ಜಾಸ್ತಿ. ವಿಷ ತಿನ್ನದೆ ಬೆಳೆದ ಗಂಡಿಗೆ ವಾಸನೆಯೇ ಇರುವುದಿಲ್ಲ, ಹೆಣ್ಣು ಅದನ್ನು ಒಪ್ಪುವುದು ಕಷ್ಟ. ಅಂದರೆ ಹೆಣ್ಣು ವಾಸನೆ ನೋಡಿ ಆಸ್ತಿ ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ನಮ್ಮ ಕಡೆ ಹೆಣ್ಣಿನ ಮನೆಯವರು ಗಂಡಿನ ಹೊಲ ನೋಡಲು ಹೋದ ಹಾಗೆ.

ಆಸ್ತಿ ನೋಡುವುದಕ್ಕೆ ಅರ್ಥ ಇದೆ. ಕೂಡುವಾಗ ಗಂಡು ಬರೀ ವೀರ್ಯ ಕೊಡುವುದಿಲ್ಲ. ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ದೊಡ್ಡ ಗಂಟನ್ನು ಹೆಣ್ಣಿಗೆ ದಾಟಿಸುತ್ತದೆ. ಅದರಲ್ಲಿ ಪೋಷಕಾಂಶ ಇರುತ್ತದೆ, ವಿಷವೂ ಇರುತ್ತದೆ. ವಿಷ ಇಲ್ಲದೆ ಬೆಳೆದ ಹೆಣ್ಣು ಅಂಥ ಗಂಡಿನ ಜೊತೆ ಕೂಡಿ ಬಿಟ್ಟ ಕೆಲವೇ ನಿಮಿಷಗಳಲ್ಲಿ ಜೇಡಗಳಿಗೆ ಬೇಡವಾಗುತ್ತದೆ! ಉಳಿದ ಆಯುಷ್ಯವೆಲ್ಲ ಆ ರಕ್ಷಣೆ ಇರುತ್ತದೆ. ಹೆಣ್ಣು ತನ್ನ ಪಾಲು, ಗಂಡು ಕೊಟ್ಟ ಪಾಲು ಎರಡನ್ನೂ ಮೊಟ್ಟೆಗಳಿಗೆ ಹಾಕುತ್ತದೆ. ಮೊಟ್ಟೆಯ ವಿಷದಲ್ಲಿ ಸುಮಾರು ಮೂರನೇ ಒಂದು ಭಾಗ ಅಪ್ಪನದು. ಅಂಥ ಮೊಟ್ಟೆಯನ್ನು ಗುಲಗಂಜಿ ಹುಳು ಮುಟ್ಟುವುದಿಲ್ಲ, ಇರುವೆಯೂ ಬಿಟ್ಟು ಹೋಗುತ್ತದೆ.

ಇದರಲ್ಲಿ ಒಂದು ಕರಾಳ ಪುಟವೂ ಇದೆ. ಸಾಕಷ್ಟು ವಿಷ ಸಿಗದ ಮರಿ ಏನು ಮಾಡುತ್ತದೆ ಗೊತ್ತಾ? ತನ್ನದೇ ಜಾತಿಯ ಮೊಟ್ಟೆ ತಿನ್ನುತ್ತದೆ. ಅದರಲ್ಲೂ ವಿಷ ಇರುವ ಮೊಟ್ಟೆಯನ್ನೇ ಆರಿಸಿಕೊಳ್ಳುತ್ತದೆ. ಶತ್ರುಗಳಿಂದ ಕಾಪಾಡಲೆಂದು ಅಪ್ಪ ಅಮ್ಮ ಕೊಟ್ಟ ವಿಷವೇ ಒಡಹುಟ್ಟಿದವರ ಬಾಯಲ್ಲಿ ನೀರೂರಿಸುತ್ತದೆ.

ಇಷ್ಟು ಸೂಕ್ಷ್ಮವಾಗಿ ನೋಡಿದ್ದು ಅಮೆರಿಕದ ದಾಯಾದಿಯಲ್ಲಿ, ಅದನ್ನು ನೆನಪಿಡಿ. ನಮ್ಮ ಚುಕ್ಕಿ ಪತಂಗವೂ ಇದೇ ವಿಷವನ್ನು ಮೈಯಲ್ಲಿ ಕೂಡಿಡುತ್ತದೆ ಎನ್ನುವುದು ಖಚಿತ. ಆದರೆ ನಮ್ಮ ಕಾವಲಿನಲ್ಲಿ ಮುಸ್ಸಂಜೆ ಕೂತು ಹೆಣ್ಣು ಗಂಡನ್ನು ಹೇಗೆ ಆರಿಸುತ್ತದೆ ಎಂದು ನೋಡುವ ಕೆಲಸ ಯಾರಿಗಾದರೂ ಬೇಕಿದ್ದರೆ, ಖರ್ಚಿಲ್ಲದ ಒಳ್ಳೆ ಕೆಲಸ. ಟಾರ್ಚು, ಸೊಳ್ಳೆ ತಡೆಯುವ ತಾಳ್ಮೆ ಸಾಕು.

ಗಿಲಕಿ ಗಿಡದ ಹತ್ತಿರ ನಿಂತರೆ ಬೇರೆ ಗಿರಾಕಿಗಳೂ ಕಾಣುತ್ತಾರೆ. ನೀಲಿ ಹುಲಿ ಚಿಟ್ಟೆ, ಪಟ್ಟೆ ಹುಲಿ ಚಿಟ್ಟೆ, ಕಂದು ಕಾಗೆ ಚಿಟ್ಟೆಗಳು ಒಣಗಿದ ಎಲೆ, ಕಾಯಿಯ ಮೇಲೆ ಗುಂಪುಗಟ್ಟಿರುತ್ತವೆ. ಅಲ್ಲಿ ಹೂವೇ ಇರುವುದಿಲ್ಲ. ಕಾಲಿನಿಂದ ಕೆರೆದು ರಸ ಹೀರುತ್ತಿರುತ್ತವೆ. ಹೆಚ್ಚಿನವು ಗಂಡು. ಅವಕ್ಕೂ ವಾಸನೆ ತಯಾರಿಸಲು ಇದೇ ವಿಷ ಬೇಕು. ಒಂದು ವ್ಯತ್ಯಾಸ ಇದೆ. ಆ ಚಿಟ್ಟೆಗಳ ಮರಿ ಎಕ್ಕದಂಥ ಹಾಲಿನ ಗಿಡ ತಿಂದು ಬೆಳೆಯುತ್ತದೆ, ಈ ವಿಷವನ್ನು ರೆಕ್ಕೆ ಬಂದ ಮೇಲೆ ಸಂಪಾದಿಸುತ್ತದೆ. ನಮ್ಮ ಪತಂಗ ಬಾಲ್ಯದಲ್ಲೇ ಸಂಪಾದಿಸಿ ಮುಗಿಸಿರುತ್ತದೆ. ಚಿಟ್ಟೆ ಉದ್ಯಾನ ಮಾಡುವವರು ಗಿಲಕಿ ಗಿಡ ನೆಡುವುದು ಈ ಚಿಟ್ಟೆಗಳನ್ನು ಕರೆಯುವುದಕ್ಕೆ. ಆಮೇಲೆ 'ಹುಳ ಬಿದ್ದಿದೆ' ಎಂದು ಔಷಧಿ ಹೊಡೆಯುತ್ತಾರೆ. ಆ ಹುಳವೇ ನಮ್ಮ ಕಥಾನಾಯಕ.

ಕೃಷಿಯ ಲೆಕ್ಕದಲ್ಲಿ ಇದು ಪೀಡೆ. ಅಪ್ಸೆಣಬಿನ ಕಂಬಳಿ ಹುಳು ಎಂದು ಕೃಷಿ ಕೀಟಗಳ ಪಟ್ಟಿಯಲ್ಲಿದೆ. ನನ್ನ ಅಭಿಪ್ರಾಯ ಕೇಳಿದರೆ, ಬೀಜಕ್ಕೆ ಬೆಳೆಯುವವರಿಗೆ ಮಾತ್ರ ಇದು ತಲೆನೋವು. ಹಸಿರೆಲೆ ಗೊಬ್ಬರಕ್ಕೆ ಬಿತ್ತಿದವರು ಹೂವು ಬರುವ ಹೊತ್ತಿಗೆ, ಅಂದರೆ ಆರೇಳು ವಾರಕ್ಕೆ, ಉತ್ತು ಮಣ್ಣಿಗೆ ಸೇರಿಸಿಬಿಡುತ್ತಾರೆ. ಕಾಯಿ ಆಗುವುದೇ ಇಲ್ಲ. ಎಲೆಗೆ ನಾಲ್ಕು ತೂತು ಬಿದ್ದರೆ ಗೊಬ್ಬರ ಕೆಡುವುದಿಲ್ಲ. ಆದರೂ ಕೆಲವರು ಔಷಧಿ ಹೊಡೆಯುತ್ತಾರೆ. ಮಣ್ಣಿಗೆ ಸೇರಿಸುವ ಗಿಡಕ್ಕೆ ಔಷಧಿ ಹೊಡೆಯುವುದು ಯಾವ ಲೆಕ್ಕ, ನನಗೆ ತಿಳಿಯದು.

ಈಗ ಹುಲ್ಲುಗಾವಲಿನ ಮಾತು. ಒಂದು ವಿಷಯ ನೇರವಾಗಿ ಹೇಳುತ್ತೇನೆ: ಚುಕ್ಕಿ ಪತಂಗ ಅಳಿವಿನ ಅಂಚಿನಲ್ಲಿ ಇಲ್ಲ. ರಸ್ತೆ ಬದಿಯ ನಾಲ್ಕು ಗಿಲಕಿ ಗಿಡ ಸಿಕ್ಕರೂ ಬದುಕುತ್ತದೆ. ಅದನ್ನು ಉಳಿಸಿ ಎಂದು ಬೇಡಿಕೊಳ್ಳಲು ನಾನು ಬಂದಿಲ್ಲ. ನಾನು ಹೇಳುವುದು ಬೇರೆ. ಇದು ಹುಲ್ಲುಗಾವಲಿನಲ್ಲಿ ನಾವು ನೋಡದೆ ಬಿಡುವ ಗಿಡಗಳ ಕಡೆ ಬೊಟ್ಟು ಮಾಡುತ್ತದೆ. ನಾವು ಕಾವಲನ್ನು ನೋಡಿ ಎರಡೇ ಪ್ರಶ್ನೆ ಕೇಳುತ್ತೇವೆ. ಮರ ಇದೆಯಾ? ಇಲ್ಲದಿದ್ದರೆ ಪಾಳು, ನೀಲಗಿರಿ ಹಾಕಿ. ಹುಲ್ಲು ಇದೆಯಾ? ಇದ್ದರೆ ಮೇವು. ಹುಲ್ಲಿನ ನಡುವಿನ ಹಳದಿ ಹೂವಿನ ಗಿಡ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಮರದವರಿಗೆ ಅದು ಪೊದೆ, ಮೇವಿನವರಿಗೆ ಕಳೆ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆಯಿತು, 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು. ಅಲ್ಲಿ ಹೋಗಿ ನೋಡಿದರೆ ದೊಡ್ಡ ಭಾಗದಲ್ಲಿ ನೀಲಗಿರಿ ನೆಡುತೋಪು. ಕುದುರೆಮುಖದ ಕಡೆ ಹುಲ್ಲುಗುಡ್ಡಗಳ ಮೇಲೆ ಅಕೇಶಿಯಾ ನೆಟ್ಟರು. ಅಮೃತ ಮಹಲ್ ದನಗಳಿಗೆಂದು ಮೈಸೂರು ಅರಸರು ಬಿಟ್ಟಿದ್ದ ಕಾವಲುಗಳಲ್ಲಿ ಎಷ್ಟೋ ಭಾಗ ಬೇರೆ ಬೇರೆ ಕೆಲಸಕ್ಕೆ ಹೋಗಿದೆ. ಚಳ್ಳಕೆರೆ ಒಂದರಲ್ಲೇ ಸಾವಿರಾರು ಎಕರೆ. ಹೆಸರಘಟ್ಟದ ಹುಲ್ಲುಗಾವಲು ಬೆಂಗಳೂರಿನ ಪಕ್ಕದಲ್ಲೇ ಉಳಿದಿರುವ ದೊಡ್ಡ ಬಯಲು. ಅದನ್ನು ಸಂರಕ್ಷಿತ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ಬೇಡ ಎಂದಿತ್ತು, 2024ರಲ್ಲಿ ಒಪ್ಪಿತು. 5,600 ಎಕರೆಗೂ ಜಾಸ್ತಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಮೀಸಲು ಇನ್ನೂ ಮೊದಲೇ ಆಯಿತು, 2007ರಲ್ಲಿ. ಅದು ಚಿಕ್ಕದು, 798 ಎಕರೆ.

ಇಂಥ ಕಡೆ ನೆರಳು ಬಂತು ಎಂದರೆ ಗಿಲಕಿ ಗಿಡ ಮೊದಲು ಹೋಗುತ್ತದೆ. ಅದಕ್ಕೆ ಬಿಸಿಲು ಬೇಕು. ಒಂದೇ ಮಳೆಗಾಲ ಬದುಕುವ ಜಾತಿಗಳಿಗೆ ಪ್ರತಿ ವರ್ಷ ಬೀಜ ಮೊಳೆಯಲು ತೆರೆದ ಮಣ್ಣೂ ಬೇಕು. ಹಾಗೆಂದು ದನ ಮೇಯುವುದನ್ನು ಪೂರ್ತಿ ನಿಲ್ಲಿಸಬೇಕು ಎನ್ನುವವರ ಜೊತೆ ನಾನಿಲ್ಲ. ದನ ಹುಲ್ಲು ಮೇಯ್ದು ಈ ಗಿಡವನ್ನು ಬಿಟ್ಟಿದ್ದರಿಂದಲೇ ಎಷ್ಟೋ ಕಡೆ ಅದು ಎದ್ದು ನಿಂತಿದೆ. ಬದುವಿನ ಮೇಲೆ ಕಳೆನಾಶಕ ಹೊಡೆಯುವುದು ಮಾತ್ರ ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತದೆ.

ನೋಡಲು ಹೋಗುವವರಿಗೆ ಒಂದೆರಡು ಮಾತು. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಗಿಲಕಿ ಹೂವು, ಕಾಯಿ ಎರಡೂ ಇರುತ್ತವೆ. ಪತಂಗದ ಹಿಂದೆ ಓಡಬೇಡಿ. ಗಿಡ ಹುಡುಕಿ, ಕಾಯಿಯ ಮೇಲೆ ತೂತು ಹುಡುಕಿ. ಫೋಟೋ ತೆಗೆದರೆ ಗಿಡದ ಫೋಟೋವನ್ನೂ ತೆಗೆಯಿರಿ, ಎಲೆ, ಹೂವು, ಕಾಯಿ ಮೂರೂ ಇರಲಿ. ಪತಂಗ ಯಾವುದು ಎಂದು ಹೇಳುವವರು ಸಿಗುತ್ತಾರೆ. ಯಾವ ಪ್ರಭೇದದ ಗಿಲಕಿ ಮೇಲೆ ಮರಿ ಇತ್ತು ಎನ್ನುವ ಮಾಹಿತಿ ನೀವು ಬರೆದಿಡದಿದ್ದರೆ ಆಮೇಲೆ ಸಿಗುವುದಿಲ್ಲ. ಇನ್ನೊಂದು ಎಚ್ಚರ. ಅದೇ ಕಾಯಿಯಲ್ಲಿ ಆರ್ಜಿನಾ ಎಂಬ ಮತ್ತೊಂದು ಪತಂಗದ ಮರಿಯೂ ಇರಬಹುದು. ಅದರ ಪತಂಗ ಕಿತ್ತಳೆ ಬಣ್ಣದ್ದು, ಬಿಳಿ ಉಂಗುರದೊಳಗೆ ಕಪ್ಪು ಚುಕ್ಕಿ. ಮರಿ ನೋಡಿ ಅನುಮಾನ ಬಂದರೆ ಕಾಯಿ ಸಮೇತ ಒಂದು ಡಬ್ಬಿಯಲ್ಲಿಡಿ. ಮುಚ್ಚಳಕ್ಕೆ ಗಾಳಿಯಾಡಲು ತೂತು ಮಾಡಿ, ತಳದಲ್ಲಿ ಒಣ ಎಲೆ ಹಾಕಿ, ದಿನಾ ಹೊಸ ಕಾಯಿ ಕೊಡಿ. ಅದು ಎಲೆಗಳ ನಡುವೆ ತೆಳ್ಳಗೆ ನೂಲು ಸುತ್ತಿ ಕೋಶ ಕಟ್ಟುತ್ತದೆ. ಯಾವುದು ಹೊರಗೆ ಬಂತು ಎಂದು ಬರೆದಿಟ್ಟು, ಕಾಯಿ ಕಿತ್ತ ಜಾಗದಲ್ಲೇ ಬಿಟ್ಟು ಬನ್ನಿ.